ಮಗು ಬಣ್ಣದ ಬಗ್ಗೆ ಕೇಳಿದರೆ ಬಾಯಿ ಮುಚ್ಚಿಸಬೇಡಿ

ಕೇಳುಗರಿಗೆ ನಮಸ್ಕಾರ. ಬಸ್ಸಿನಲ್ಲಿ ಎದುರು ಸೀಟಿನವರನ್ನು ನೋಡಿ ನಿಮ್ಮ ನಾಲ್ಕು ವರ್ಷದ ಮಗು, "ಅಮ್ಮಾ, ಅವರ್ಯಾಕೆ ಅಷ್ಟು ಕಪ್ಪು?" ಅಂತ ಗಟ್ಟಿಯಾಗಿ ಕೇಳುತ್ತದೆ. ನೀವು "ಶ್, ಸುಮ್ನಿರು" ಅಂತ ತೊಡೆ ಚಿವುಟುತ್ತೀರಿ. ಇವತ್ತಿನ ಮಾತು ಇದೊಂದೇ: ಬಾಯಿ ಮುಚ್ಚಿಸಬೇಡಿ, ಉತ್ತರ ಕೊಡಿ. ಗದರಿದರೆ, ಕಪ್ಪು ಅನ್ನುವುದೇ ನಾಚಿಕೆಯ ಸಂಗತಿ ಅಂತ ಮಗು ಕಲಿಯುತ್ತದೆ.

ಇಷ್ಟು ಚಿಕ್ಕವರಿಗೆ ಇದೆಲ್ಲ ಏನು ತಿಳಿಯುತ್ತೆ ಅನ್ನುವವರು ಅಮೆರಿಕದ ಈ ಸಂಗತಿ ಕೇಳಿ. ಕೆನೆತ್ ಕ್ಲಾರ್ಕ್, ಮೇಮಿ ಕ್ಲಾರ್ಕ್ ಅಂತ ಮನಃಶಾಸ್ತ್ರಜ್ಞ ದಂಪತಿ, ಅವರೂ ಕಪ್ಪು ಜನಾಂಗದವರೇ. 1947ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 3ರಿಂದ 7 ವರ್ಷದ 253 ಕಪ್ಪು ಮಕ್ಕಳ ಮುಂದೆ ನಾಲ್ಕು ಗೊಂಬೆ ಇಟ್ಟರು. ನಾಲ್ಕೂ ಒಂದೇ ಅಚ್ಚಿನವು. ಎರಡಕ್ಕೆ ಕಂದು ಮೈ, ಕಪ್ಪು ಕೂದಲು. ಇನ್ನೆರಡಕ್ಕೆ ಬಿಳಿ ಮೈ, ಹಳದಿ ಕೂದಲು. "ಆಡೋಕೆ ಇಷ್ಟವಾದ ಗೊಂಬೆ ಕೊಡು" ಅಂದರೆ ನೂರಕ್ಕೆ 67 ಮಕ್ಕಳು ಬಿಳಿ ಗೊಂಬೆ ಎತ್ತಿಕೊಟ್ಟರು. "ಕೆಟ್ಟದಾಗಿ ಕಾಣೋದು ಯಾವುದು" ಅಂದಾಗ ನೂರಕ್ಕೆ 59 ಮಕ್ಕಳ ಕೈ ಕಂದು ಗೊಂಬೆಗೆ ಹೋಯಿತು. "ನಿನ್ನ ಹಾಗಿರೋ ಗೊಂಬೆ ಕೊಡು" ಅನ್ನುವುದನ್ನು ಬೇಕೆಂದೇ ಕೊನೆಗೆ ಇಟ್ಟಿದ್ದರು. ಅದನ್ನು ಮೊದಲೇ ಕೇಳಿದರೆ ಮಕ್ಕಳು ತಮ್ಮ ಗೊಂಬೆಯ ಪರ ವಹಿಸಿಬಿಡುತ್ತಿದ್ದರು, ನಿಜವಾದ ಇಷ್ಟ ಹೊರಗೆ ಬರುತ್ತಿರಲಿಲ್ಲ. ಈಗ ನೋಡಿ, ತಾನೇ ಕೆಟ್ಟದು ಅಂದ ಗೊಂಬೆಯನ್ನೇ ಮಗು ಎತ್ತಿಕೊಡಬೇಕು! ಬಿಕ್ಕಿ ಬಿಕ್ಕಿ ಅತ್ತು ಕೋಣೆಯಿಂದ ಓಡಿಹೋದ ಮಕ್ಕಳಿದ್ದರು. 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸರ್ಕಾರಿ ಶಾಲೆಗಳಲ್ಲಿ ಬಣ್ಣಭೇದ ಸಲ್ಲದು ಎಂದಾಗ ಕೆನೆತ್ ಕ್ಲಾರ್ಕ್ ಅವರ ಬರಹವೊಂದನ್ನು ತೀರ್ಪಿನ ಅಡಿಟಿಪ್ಪಣಿಯಲ್ಲಿ ಸೇರಿಸಿತು. ಕೂಸು ಹುಟ್ಟಿದ ಕೂಡಲೇ "ಬಣ್ಣ ಹೇಗಿದೆ?" ಅಂತ ವಿಚಾರಿಸುವ ನೆಂಟರಿಗೂ ಇದನ್ನು ಹೇಳಿ.

ಉತ್ತರ ಉದ್ದ ಬೇಡ. "ಚರ್ಮದಲ್ಲಿ ಮೆಲನಿನ್ ಅಂತ ಇರುತ್ತೆ ಪುಟ್ಟಾ. ಅದು ಜಾಸ್ತಿ ಇದ್ದವರು ಕಪ್ಪಗೆ, ಕಮ್ಮಿ ಇದ್ದವರು ಬೆಳ್ಳಗೆ. ಅಪ್ಪ ಅಮ್ಮನಿಂದ ಬರುತ್ತೆ." ಮುಗಿಯಿತು. "ಎಲ್ಲರೂ ಒಂದೇ" ಅಂತ ಮಾತ್ರ ಹೇಳಬೇಡಿ. ವ್ಯತ್ಯಾಸ ಕಣ್ಣೆದುರೇ ಕಾಣುತ್ತಿರುವಾಗ ಅದು ಮತ್ತೆ ಬಾಯಿ ಮುಚ್ಚಿಸಿದ ಹಾಗೆ.

ಭಾನುವಾರ ಬಣ್ಣ ಕಲಸಿ. ಕೆಂಪು, ಹಳದಿ ಸಮ ಸಮ, ನೀಲಿ ಒಂದೆರಡು ಹನಿ. ನೀಲಿ ಹೆಚ್ಚಾಯಿತೋ, ಕೆಸರಾಗುತ್ತದೆ. ಕಂದು ಬಂದ ಮೇಲೆ ಬಿಳಿ ಸೇರಿಸುತ್ತಾ ಮನೆಯವರೆಲ್ಲರ ಮುಂಗೈಗೆ ಹೋಲಿಸಲಿ. ಅಜ್ಜಿಯದೊಂದು ಬಣ್ಣ, ಅಪ್ಪನದೊಂದು. ಡಬ್ಬಿಯಲ್ಲಿರುವ "ಸ್ಕಿನ್ ಕಲರ್" ಕ್ರೇಯಾನ್ ಯಾರಿಗೂ ಹೊಂದುವುದಿಲ್ಲ.

ಸಮಯ ಆಗುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ಯಲ್ಲಾಪುರ, ಹಳಿಯಾಳದ ಸಿದ್ದಿ ಮಕ್ಕಳನ್ನು "ಯಾವ ದೇಶ?" ಅಂತ ಕೇಳಬೇಡಿ. ಅವರ ಹಿರಿಯರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದು ಶತಮಾನಗಳೇ ಕಳೆದಿವೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೂ ಸೇರಿದ್ದಾರೆ. ತರಗತಿಯಲ್ಲಿ ಮಣಿಪುರದ ಹುಡುಗನನ್ನು "ಚೈನೀಸ್" ಅಂತ ಕರೆದರೆ ಅವತ್ತೇ ಹೆಡ್‌ಮಾಸ್ಟರಿಗೆ ಬರೆದುಕೊಡಿ. ಬಾಯಿಮಾತಿನ ದೂರು ಮರುದಿನಕ್ಕೆ ಮರೆತುಹೋಗುತ್ತದೆ. ಸಿದ್ದಿಗಳಿಗೆ ಸಹಾಯ ಮಾಡಬೇಕು ಅನ್ನಿಸಿದರೆ ಹಳೇ ಬಟ್ಟೆ ಕಟ್ಟಿ ಕಳಿಸುವುದಕ್ಕಿಂತ ಅವರ ಹೆಂಗಸರು ಕೈಯಲ್ಲಿ ಹೊಲಿದ ಕವಂದಿ, ಅಂದರೆ ಬಟ್ಟೆ ತುಂಡುಗಳ ಕೌದಿ, ಕೊಳ್ಳಿ. ಹೇಳಿದ ಬೆಲೆ ಕೊಡಿ, ಚೌಕಾಸಿ ಬೇಡ. ಅದು ಏನು, ಯಾರು ಹೊಲಿದದ್ದು ಅಂತ ಮಗು ಕೇಳುತ್ತದೆ. ಆಗಲೂ ಅಷ್ಟೇ, ಉತ್ತರ ಕೊಡಿ. ನಮಸ್ಕಾರ.