ಪಿಟಿಟಿ ಒತ್ತುವ ಮುಂಚೆ: ಹ್ಯಾಮ್ ರೇಡಿಯೋ ಕೋಣೆಯ ಕೈತಪ್ಪುಗಳು

ಎಲ್ಲರಿಗೂ ನಮಸ್ಕಾರ. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದ ಲೈಸೆನ್ಸ್ ಹೊಸದಾಗಿ ಸಿಕ್ಕಿದ, ವಿಯು3 ಅಂತ ಕಾಲ್‌ಸೈನ್ ಶುರುವಾಗುವ ಗೆಳೆಯರು ಇಲ್ಲಿದ್ದೀರಿ, ಎಷ್ಟೋ ವರ್ಷದಿಂದ ಮೋರ್ಸ್ ಕೀ ಕುಟ್ಟುತ್ತಿರುವ ವಿಯು2 ಹಿರಿಯರೂ ಇದ್ದೀರಿ. ಇವತ್ತಿನ ಮಾತು ಹಿರಿಯರಿಗೇ ಸ್ವಲ್ಪ ಜಾಸ್ತಿ, ಬೇಜಾರು ಮಾಡ್ಕೋಬೇಡಿ. ಆಂಟೆನಾ ಇಲ್ಲದೆ ಟ್ರಾನ್ಸ್‌ಮಿಟ್ ಮಾಡಬಾರದು ಅಂತ ಗೊತ್ತಿಲ್ಲದ ಹ್ಯಾಮ್ ಯಾರಿದ್ದಾರೆ ಹೇಳಿ? ಪರೀಕ್ಷೆಗೆ ಓದುವಾಗಲೇ ಅದು ಬಾಯಿಪಾಠ ಆಗಿರುತ್ತದೆ. ಆದರೂ ಫೈನಲ್ಸ್ (ಪವರ್ ಹೆಚ್ಚಿಸುವ ಕೊನೆಯ ಹಂತ) ಸುಟ್ಟುಕೊಂಡ ರಿಗ್‌ಗಳು, ಅಂದರೆ ರೇಡಿಯೋ ಸೆಟ್‌ಗಳು, ರಿಪೇರಿ ಮೇಜಿಗೆ ಬರುತ್ತಲೇ ಇವೆ. ಹಾಗೆ ಗೊತ್ತಿದ್ದೂ ಆಗುವ ತಪ್ಪುಗಳ ಬಗ್ಗೆ ಮಾತಾಡೋಣ.

ರಿಗ್ ನೀವು ನಿನ್ನೆ ಹೇಗೆ ಬಿಟ್ಟಿರೋ ಹಾಗೇ ಕೂತಿರುತ್ತದೆ. ನಿಮ್ಮ ತಲೆ ಮಾತ್ರ ಅಷ್ಟರಲ್ಲಿ ಆಫೀಸು, ಟ್ರಾಫಿಕ್ಕು, ಮಗುವಿನ ಹೋಂವರ್ಕು ಎಲ್ಲ ಸುತ್ತಿ ಬಂದಿರುತ್ತದೆ. ನಿನ್ನೆಯ ಸೆಟ್ಟಿಂಗ್ ಮೇಲೆ ಇವತ್ತಿನ ಕೈ ಬಿದ್ದಾಗ ಎಡವಟ್ಟು ಆಗುತ್ತದೆ.

ಒಂದು ಉದಾಹರಣೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸಂಜೆ ಮಳೆ ಅಂದರೆ ಗುಡುಗು, ಸಿಡಿಲು ಇದ್ದದ್ದೇ. ಮೋಡ ಕಟ್ಟಿದ ಕೂಡಲೇ ಆಂಟೆನಾದಿಂದ ಬರುವ ಕೋಕ್ಸ್ ಕೇಬಲ್ ಬಿಚ್ಚಿ ಕಿಟಕಿಯಾಚೆ ಹಾಕುತ್ತೇವೆ. ಒಳ್ಳೆಯ ಅಭ್ಯಾಸ. ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು ರಿಗ್ ಆನ್ ಮಾಡುತ್ತೀರಿ. 40 ಮೀಟರ್ ಬ್ಯಾಂಡ್‌ನಲ್ಲಿ ಸದ್ದೇ ಇಲ್ಲ. ಬ್ಯಾಂಡ್ ಸತ್ತಿದೆ ಅಂದುಕೊಂಡು, ಇರಲಿ, ಒಂದು ಸಿಕ್ಯು (ಯಾರಾದರೂ ಇದ್ದೀರಾ ಅನ್ನುವ ಕರೆ) ಕೊಟ್ಟು ನೋಡೋಣ ಅಂತ ಪಿಟಿಟಿ, ಅಂದರೆ ಮೈಕಿನ ಮಾತಾಡುವ ಬಟನ್, ಒತ್ತುತ್ತೀರಿ. 100 ವ್ಯಾಟ್ ಹೊರಗೆ ಹೋಗಲು ದಾರಿಯಿಲ್ಲ, ಫೈನಲ್ಸ್ ಕಡೆಗೇ ವಾಪಸ್ ಬರುತ್ತದೆ. ಈಗಿನ ರಿಗ್‌ಗಳು ಎಸ್‌ಡಬ್ಲ್ಯುಆರ್ (ಪವರ್ ಎಷ್ಟು ವಾಪಸ್ ಬರುತ್ತಿದೆ ಅನ್ನುವುದರ ಅಳತೆ) ಏರಿದರೆ ತಾವೇ ಪವರ್ ಇಳಿಸಿಕೊಳ್ಳುತ್ತವೆ. ಹಳೆಯ ಸೆಟ್, ಮನೆಯಲ್ಲೇ ಕಟ್ಟಿದ ಹೋಮ್‌ಬ್ರೂ ಸೆಟ್‌ಗಳಲ್ಲಿ ಆ ಕಾವಲು ಇರದೇ ಇರಬಹುದು. ಸಿಡಿಲಿನಿಂದ ರಿಗ್ ಉಳಿಸಲು ಮಾಡಿದ ಕೆಲಸವೇ ರಿಗ್ ಸುಡಲು ಕಾರಣ ಆಯಿತು ನೋಡಿ.

ಇದಕ್ಕೆ ‘ಹುಷಾರು’ ಅಂತ ಚೀಟಿ ಬರೆದು ಅಂಟಿಸುವವರಿದ್ದಾರೆ. ವಾರ ಕಳೆದರೆ ಆ ಚೀಟಿ ಕಣ್ಣಿಗೇ ಬೀಳುವುದಿಲ್ಲ. ನಾನು ಹೇಳುವುದು ಇಷ್ಟು: ರಿಗ್‌ನ ಆಂಟೆನಾ ಸಾಕೆಟ್ ಯಾವತ್ತೂ ಖಾಲಿ ಇರಕೂಡದು. ಕೋಕ್ಸ್ ಬಿಚ್ಚಿದ ಕೈಯಲ್ಲೇ 50 ಓಮ್‌ನ ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ಹೀರಿಕೊಳ್ಳುವ ರೆಸಿಸ್ಟರ್) ತಿರುಗಿಸಿಬಿಡಿ, ನಿಮ್ಮ ರಿಗ್‌ನ ಪವರ್ ತಡೆಯುವಂಥದ್ದು. ಬೆಳಿಗ್ಗೆ ಮರೆತು ಪಿಟಿಟಿ ಒತ್ತಿದರೆ ಲೋಡ್ ಬಿಸಿಯಾಗುತ್ತದೆ, ಅಷ್ಟೇ. ಮೈಕನ್ನೂ ಬಿಚ್ಚಿ ಕಿಟಕಿ ಪಕ್ಕದ ಮೊಳೆಗೆ ನೇತುಹಾಕಿ. ಮೈಕ್ ಹುಡುಕಿಕೊಂಡು ಹೋದವರಿಗೆ ಕೋಕ್ಸ್ ಕಾಣದೇ ಇರುತ್ತಾ?

ಪವರ್ ಸಪ್ಲೈಗೂ ಇದೇ ಮಾತು. 13.8 ವೋಲ್ಟ್ ಡಿಸಿಯನ್ನು ಎರಡು ಪಿನ್‌ನ ಮನೆ ಪ್ಲಗ್ಗಿನಲ್ಲಿ ಕೊಡುವ ಚಾಳಿ ನಮ್ಮಲ್ಲಿ ಇನ್ನೂ ಇದೆ. ದಯವಿಟ್ಟು ಬಿಟ್ಟುಬಿಡಿ. ಅದು ಎರಡೂ ಕಡೆಯಿಂದ ಕೂರುತ್ತದೆ, ಪ್ಲಸ್ ಮೈನಸ್ ಅದಲು ಬದಲಾಗುತ್ತದೆ. ಗೊತ್ತಿಲ್ಲದ ಮಗುವೊಂದು ಅದನ್ನು ಗೋಡೆಯ 230 ವೋಲ್ಟ್ ಸಾಕೆಟ್ಟಿಗೇ ಚುಚ್ಚಿದರೆ ಕಥೆ ಮುಗಿಯಿತು. ಉಲ್ಟಾ ಕೂರಲು ಸಾಧ್ಯವೇ ಇಲ್ಲದ ಕನೆಕ್ಟರ್ ಹಾಕಿ. ರಿಗ್‌ನ ಜೊತೆ ಬಂದ ಫ್ಯೂಸ್ ಕಿತ್ತು ತಂತಿ ಸುತ್ತಬೇಡಿ.

ಇನ್ನು ಸ್ಪ್ಲಿಟ್, ಅಂದರೆ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿ ಇನ್ನೊಂದರಲ್ಲಿ ಕರೆಯುವುದು. ದೂರದ ಡಿಎಕ್ಸ್ ಸ್ಟೇಷನ್ 14.195 ಮೆಗಾಹರ್ಟ್ಸ್‌ನಲ್ಲಿ ಕೂತು ‘ಅಪ್ 5’, ಅಂದರೆ 5 ಕಿಲೋಹರ್ಟ್ಸ್ ಮೇಲೆ ಕರೆಯಿರಿ, ಅನ್ನುತ್ತದೆ. ನೀವು 14.200ರಲ್ಲಿ ಕರೆಯಬೇಕು. ಸ್ಪ್ಲಿಟ್ ಬಟನ್ ಮರೆತರೆ ನಿಮ್ಮ ಕಾಲ್‌ಸೈನ್ ಸೀದಾ ಅವರ ನೆತ್ತಿಯ ಮೇಲೆ. ಆಗ ಅದೇ ಫ್ರೀಕ್ವೆನ್ಸಿಯಲ್ಲಿ ‘ಅಪ್, ಅಪ್’ ಅಂತ ಕಿರುಚುವ ಸ್ವಯಂಘೋಷಿತ ಪೊಲೀಸರು ಹುಟ್ಟಿಕೊಳ್ಳುತ್ತಾರೆ. ನಿಮ್ಮಿಂದ ಆದ ತೊಂದರೆಗಿಂತ ಅವರಿಂದ ಆಗುವುದೇ ಜಾಸ್ತಿ! ಮರುದಿನ ಇದರ ತಿರುಗುಮುರುಗು. ಸ್ಪ್ಲಿಟ್ ಹಾಗೇ ಉಳಿದಿರುತ್ತದೆ, ಸ್ಥಳೀಯ ಹ್ಯಾಮ್‌ಗಳು ಒಟ್ಟಿಗೆ ಸೇರಿ ಮಾತಾಡುವ ನೆಟ್‌ನಲ್ಲಿ ಎಷ್ಟು ಕರೆದರೂ ಯಾರೂ ಉತ್ತರಿಸುವುದಿಲ್ಲ.

ಚೆಕ್‌ಲಿಸ್ಟ್ ಬೇಕು ಅನ್ನುವವರು ಅದನ್ನು ಆನ್ ಮಾಡುವಾಗ ಇಟ್ಟುಕೊಳ್ಳುತ್ತಾರೆ. ನನ್ನ ಪ್ರಕಾರ ಆಫ್ ಮಾಡುವಾಗ ಇರಬೇಕು. ಆನ್ ಮಾಡುವಾಗ ಅವಸರ ಇರುತ್ತದೆ, ಅಪರೂಪದ ಸ್ಟೇಷನ್ ಕೇಳಿಸುತ್ತಿರುತ್ತದೆ. ಮುಗಿಸಿ 73 (ಹ್ಯಾಮ್ ಭಾಷೆಯಲ್ಲಿ ಶುಭಾಶಯ) ಹೇಳಿದ ಮೇಲೆ ಕೈ ಸಾವಧಾನವಾಗಿರುತ್ತದೆ. ಸ್ಪ್ಲಿಟ್ ಆಫ್, ಆರ್‌ಐಟಿ (ಕೇಳುವ ಫ್ರೀಕ್ವೆನ್ಸಿ ಮಾತ್ರ ಸರಿಸುವ ಸೆಟ್ಟಿಂಗ್) ಸೊನ್ನೆ, ಪವರ್ ಕೆಳಗೆ, ಡಯಲ್ ದಿನಾ ಕೇಳುವ ಜಾಗಕ್ಕೆ. ಆಮೇಲೆ ಸ್ವಿಚ್ ಆಫ್.

ಡಿಸ್‌ಪ್ಲೇ ನೋಡಿ ಮೋಸ ಹೋಗುವುದೂ ಉಂಟು. 20 ಮೀಟರ್ ಬ್ಯಾಂಡ್ 14.350ಕ್ಕೆ ಮುಗಿಯುತ್ತದೆ. ಡಯಲ್ 14.349 ತೋರಿಸುತ್ತಿದೆ, ಒಳಗೇ ಇದ್ದೀನಲ್ಲ ಅಂತ ಯುಎಸ್‌ಬಿಯಲ್ಲಿ (ಅಪ್ಪರ್ ಸೈಡ್‌ಬ್ಯಾಂಡ್) ಮಾತಾಡಿದರೆ ನಿಮ್ಮ ದನಿ ಅಲ್ಲಿಂದ ಮೇಲಕ್ಕೆ ಸುಮಾರು 2.7 ಕಿಲೋಹರ್ಟ್ಸ್ ಹರಡುತ್ತದೆ. ಅಂದರೆ 14.3517ರ ತನಕ. ಅರ್ಧಕ್ಕಿಂತ ಜಾಸ್ತಿ ಮಾತು ಬ್ಯಾಂಡ್‌ನ ಹೊರಗೆ! ಅಂಚಿನಿಂದ 3 ಕಿಲೋಹರ್ಟ್ಸ್ ದೂರ ಇರಿ.

ಕಾರಿನಲ್ಲಿ ಮೈಕ್ ಸೀಟಿನ ಸಂದಿಗೆ ಸಿಕ್ಕಿ ಪಿಟಿಟಿ ಒತ್ತಿಕೊಂಡರೆ ಇಡೀ ಊರಿನ ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ಹರಡುವ ಸ್ಟೇಷನ್) ನಿಮ್ಮ ಇಂಡಿಕೇಟರ್ ಟಿಕ್ ಟಿಕ್ ಕೇಳುತ್ತಾ ಕೂರಬೇಕು. ನಿಮಗೆ ತಿಳಿಸೋಣ ಅಂದರೆ ನಿಮ್ಮ ಸೆಟ್ ಕೇಳಿಸಿಕೊಳ್ಳುವ ಸ್ಥಿತಿಯಲ್ಲೇ ಇಲ್ಲ. ಮೆನುವಿನಲ್ಲಿ ಟೈಮ್‌ಔಟ್ ಟೈಮರ್ ಇದೆ, ಹುಡುಕಿ ಮೂರು ನಿಮಿಷಕ್ಕೆ ಇಡಿ.

ಇಷ್ಟು ಹೊತ್ತು ಹೇಳಿದ್ದು ಕೈಯ ತಪ್ಪು. ತಲೆಯ ತಪ್ಪು ಬೇರೆ, ಅದಕ್ಕೆ ಯಾವ ಕನೆಕ್ಟರೂ ಅಡ್ಡ ಬರುವುದಿಲ್ಲ. ಬೆಂಗಳೂರಿನಲ್ಲೇ ತಯಾರಾದ ಹ್ಯಾಮ್ ಉಪಗ್ರಹ ಹ್ಯಾಮ್‌ಸ್ಯಾಟ್ ನಿಮಗೆ ನೆನಪಿರಬಹುದು. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ6ರಲ್ಲಿ ಹೋಗಿದ್ದು. 435 ಮೆಗಾಹರ್ಟ್ಸ್‌ನಲ್ಲಿ ಕಳಿಸಿದರೆ 145ರಲ್ಲಿ ವಾಪಸ್ ಬರುತ್ತಿತ್ತು. ಅಂಥ ಟ್ರಾನ್ಸ್‌ಪಾಂಡರ್‌ನಲ್ಲಿ ಇರುವ ಚೂರು ಪವರನ್ನೇ ಎಲ್ಲರೂ ಹಂಚಿಕೊಳ್ಳಬೇಕು. ಒಬ್ಬರು ಜೋರಾಗಿ ನುಗ್ಗಿದರೆ ಮಿಕ್ಕವರ ಸಿಗ್ನಲ್ ಕುಸಿಯುತ್ತದೆ. ಜನ ಯಾಕೆ ನುಗ್ಗುತ್ತಾರೆ? ತಮ್ಮ ದನಿ ತಮಗೆ ವಾಪಸ್ ಕೇಳಿಸಲಿಲ್ಲ ಅಂತ ಪವರ್ ಏರಿಸುತ್ತಾರೆ. ಎಷ್ಟೋ ಸಲ ದೋಷ ಇರುವುದು ಅವರ ರಿಸೀವರ್ ಕಡೆ: ಆಂಟೆನಾ ದಿಕ್ಕು ತಪ್ಪಿರುತ್ತದೆ, ಇಲ್ಲವೇ ಉಪಗ್ರಹದ ಓಟದಿಂದಾಗುವ ಡಾಪ್ಲರ್‌ನಿಂದ ಫ್ರೀಕ್ವೆನ್ಸಿ ಸರಿದಿರುತ್ತದೆ. ಮೊದಲು ಉಪಗ್ರಹದ ಬೀಕನ್ (ಅದು ತಾನೇ ಕಳಿಸುವ ಗುರುತಿನ ಸಿಗ್ನಲ್) ಹುಡುಕಿ ಕೇಳಿ. ಬೀಕನ್ ಸಿಗದಿದ್ದರೆ ಟ್ರಾನ್ಸ್‌ಮಿಟ್ಟೇ ಬೇಡ. ಸಿಕ್ಕರೆ ನಿಮ್ಮ ಸಿಗ್ನಲ್ ಅದಕ್ಕಿಂತ ಜೋರಾಗದ ಹಾಗೆ ನೋಡಿಕೊಳ್ಳಿ. ಇವತ್ತು ಮೇಲೆ ಸುತ್ತುತ್ತಿರುವ, ಹೀಗೇ ಪವರ್ ಹಂಚುವ ಲೀನಿಯರ್ ಉಪಗ್ರಹಗಳಿಗೂ ಇದೇ ಲೆಕ್ಕ.

ಮಾತು ಸಾಕು. ಹಿಂದಿನ ಮೇಜಿನ ಮೇಲೆ ಒಂದು ರಿಗ್ ಇದೆ, ಡಮ್ಮಿ ಲೋಡ್‌ಗೆ ಕಟ್ಟಿದ್ದೇನೆ. ಕೆಲವು ಸೆಟ್ಟಿಂಗ್ ಬೇಕಂತಲೇ ಕೆಡಿಸಿ ಇಟ್ಟಿದ್ದೇನೆ. ಇಬ್ಬಿಬ್ಬರಾಗಿ ಬನ್ನಿ, ಪಿಟಿಟಿ ಮುಟ್ಟದೆ ಎಲ್ಲವನ್ನೂ ಕಂಡುಹಿಡಿಯಿರಿ. ಹಿರಿಯರು ಮೊದಲು.