ಎರಡು ನಿಮಿಷದ ಯುದ್ಧ

ಕೇಳುಗರಿಗೆ ನಮಸ್ಕಾರ. ಸೈನ್ಯದಿಂದ ನಿವೃತ್ತನಾಗಿ ಮೈಸೂರಿಗೆ ಬಂದಾಗಿನಿಂದ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸಿಕ್ಕವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ವಾರ್ ಗೇಮ್ ಅಂದ್ರೆ ಮಕ್ಕಳು ಮೊಬೈಲಲ್ಲಿ ಆಡ್ತಾವಲ್ಲ, ಅದೇನಾ ಸಾರ್?" ಅಲ್ಲ ಸ್ವಾಮಿ, ಅದಲ್ಲ. ಸೇನಾಧಿಕಾರಿಗಳು ನಿಜವಾದ ಯುದ್ಧವನ್ನು ಆಟದ ರೂಪದಲ್ಲಿ ಆಡಿ ಕಲಿಯುವುದು, ಅದು ವಾರ್ ಗೇಮ್.

ಚೌಕಾಬಾರ ನಿಮಗೆ ಗೊತ್ತು. ಕವಡೆ ಬೀಳುವುದು ಅದೃಷ್ಟ, ಕಾಯಿ ನಡೆಸುವುದು ಬುದ್ಧಿ. ಆದರೆ ಎದುರಾಳಿಯ ಕಾಯಿ ಕಣ್ಣೆದುರೇ ಇರುತ್ತದೆ. ಯೋಚಿಸುತ್ತ ಕೂತರೆ ಅಜ್ಜಿ ಬೈದಾಳು, ಅಷ್ಟೆ. ಯುದ್ಧದಲ್ಲಿ ಶತ್ರು ಕಾಣುವುದಿಲ್ಲ, ಗಡಿಯಾರ ಕಾಯುವುದಿಲ್ಲ. 1824ರಲ್ಲಿ ಪ್ರಷ್ಯಾ ಎಂಬ ಹಳೇ ಜರ್ಮನ್ ರಾಜ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ಒಂದು ಆಟ ಕಟ್ಟಿಕೊಟ್ಟ. ನಕಾಶೆ, ದಾಳ, ನಡುವೆ ಒಬ್ಬ ತೀರ್ಪುಗಾರ. ಒಂದು ಸುತ್ತು ಎಂದರೆ ಎರಡು ನಿಮಿಷದ ಯುದ್ಧ. ಈ ಎರಡು ನಿಮಿಷ ಜ್ಞಾಪಕದಲ್ಲಿರಲಿ.

ಈಗ ನನಗೆ ಬಲು ಇಷ್ಟವಾದ ಕಥೆ. 1942, ಇಂಗ್ಲೆಂಡಿನ ಲಿವರ್‌ಪೂಲ್. ಜರ್ಮನ್ ಜಲಾಂತರ್ಗಾಮಿಗಳು ಸರಕು ಹಡಗುಗಳನ್ನು ಒಂದೊಂದಾಗಿ ಮುಳುಗಿಸುತ್ತಿವೆ. ಕ್ಷಯ ಬಂದು ನೌಕಾಪಡೆಯಿಂದ ಮನೆಗೆ ಹೋಗಿದ್ದ ಗಿಲ್ಬರ್ಟ್ ರಾಬರ್ಟ್ಸ್‌ನನ್ನು ಮತ್ತೆ ಕರೆಸಿ, ಇದಕ್ಕೊಂದು ಉಪಾಯ ಹುಡುಕಪ್ಪ ಎಂದರು. ಅವನು ದೊಡ್ಡ ಕೋಣೆಯ ನೆಲಕ್ಕೆ ಚೌಕ ಬರೆಸಿದ, ಅದೇ ಸಮುದ್ರ. ಸುತ್ತ ಕ್ಯಾನ್ವಾಸ್ ಪರದೆ, ಪರದೆಯಲ್ಲಿ ಕಿಂಡಿ. ಕಾವಲು ಹಡಗಿನ ಅಧಿಕಾರಿ ಆ ಕಿಂಡಿಯಲ್ಲಿ ಕಂಡಷ್ಟೇ ನೋಡಬೇಕು, ಎರಡು ನಿಮಿಷದಲ್ಲಿ ಆಜ್ಞೆ ಕೊಡಬೇಕು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದವರು ಹದಿಹರೆಯ ದಾಟಿಯೂ ದಾಟದ ಹುಡುಗಿಯರು. ಸಮುದ್ರದಲ್ಲಿ ಯುದ್ಧ ಕಂಡವರಲ್ಲ!

ಆಡುತ್ತ ಆಡುತ್ತ ಗುಟ್ಟು ಬಯಲಾಯಿತು. ಶತ್ರು ಹೊರಗೆಲ್ಲೋ ಇಲ್ಲ, ಹಿಂದಿನಿಂದ ಬಂದು ಹಡಗುಸಾಲಿನ ಒಳಗೇ ಸೇರಿಕೊಂಡಿದ್ದಾನೆ! ಹೊಡೆದ ಮೇಲೆ ನೀರಲ್ಲಿ ಮುಳುಗಿ ಸುಮ್ಮನಿರುತ್ತಾನೆ, ಸಾಲು ಮುಂದೆ ಹೋಗುತ್ತದೆ. ಹಾಗಾದರೆ ಕಾವಲು ಹಡಗುಗಳು ಸಾಲಿನ ಹಿಂದೆ ಹೋಗಿ ಜಾಲಾಡಬೇಕು. ಆ ತಂತ್ರಕ್ಕೆ 'ರಾಸ್ಪ್‌ಬೆರಿ' ಎಂದು ಹೆಸರಿಟ್ಟವಳೂ ಅಲ್ಲಿದ್ದ ಒಬ್ಬ ಹುಡುಗಿಯೇ. ಮುಂದೆ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಬಂದ. ಸ್ವತಃ ಹಳೇ ಜಲಾಂತರ್ಗಾಮಿ ಕಪ್ತಾನ, ಶತ್ರುವಿನ ಪಾತ್ರ ತನಗೇ ಬೇಕೆಂದ. ಎದುರಿಗೆ ಜಾನೆಟ್ ಓಕೆಲ್ ಎಂಬ ಹುಡುಗಿ. ಐದು ಸಲ ಆಡಿದ, ಐದೂ ಸಲ ಅವಳು ಮುಳುಗಿಸಿದಳು. ಇದನ್ನು ಹೇಳುವಾಗ ಇವತ್ತಿಗೂ ನನಗೆ ನಗು ತಡೆಯೋಕಾಗಲ್ಲ.

ಗಾಜಿನಾಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ನನಗೂ ಎರಡೇ ನಿಮಿಷ! ಕಂಪ್ಯೂಟರ್ ವಿಷಯ ಬಿಡುತ್ತೇನೆ. ಜಪಾನಿನದು ಮಾತ್ರ ಹೇಳಲೇಬೇಕು. ಅದೇ 1942ರ ಮೇ ತಿಂಗಳು, ಅಮೆರಿಕದ ಜೊತೆಗಿನ ಮಿಡ್‌ವೇ ನೌಕಾಯುದ್ಧಕ್ಕೆ ಮುಂಚೆ ಅವರೂ ಆಡಿ ನೋಡಿದರು. ದಾಳ ಉರುಳಿಸಿ ತೀರ್ಪುಗಾರ ಹೇಳಿದ: ಒಂಬತ್ತು ಬಾಂಬ್ ಬಿತ್ತು, ಎರಡು ವಿಮಾನವಾಹಕ ಹಡಗು ಮುಳುಗಿದವು. ಆಟ ನಡೆಸುತ್ತಿದ್ದ ಅಡ್ಮಿರಲ್ ಉಗಾಕಿ, "ಒಂಬತ್ತಲ್ಲ, ಮೂರು" ಎಂದು ತಿದ್ದಿ ಒಂದನ್ನು ಮೇಲೆತ್ತಿಬಿಟ್ಟ. ಜೂನ್‌ನಲ್ಲಿ ನಾಲ್ಕು ನಿಜವಾಗಿಯೇ ಮುಳುಗಿದವು. ತೀರ್ಪುಗಾರನ ಬಾಯಿ ಮುಚ್ಚಿಸಿದ ಮೇಲೆ ಅದೆಂಥ ಆಟ?

ಈ ಭಾನುವಾರ ಚೌಕಾಬಾರದ ಮಣೆ ಹಾಕಿ. ನಡುವೆ ರಟ್ಟು ನಿಲ್ಲಿಸಿ, ಎದುರಿನವರ ಕಾಯಿ ಕಾಣಬಾರದು. ಗಡಿಯಾರವನ್ನು ಮೊಮ್ಮಗಳ ಕೈಗೆ ಕೊಡಿ, ಅವಳು ಹೇಳಿದ್ದೇ ತೀರ್ಪು. ನಮಸ್ಕಾರ.