ಮಕ್ಕಳ ಗುರಿಪತ್ರಕ್ಕೆ ಹೆತ್ತವರ ಕೈಬರಹ ಬೇಡ

ನಮಸ್ಕಾರ. ಅಮೆರಿಕದಲ್ಲಿ ಸ್ಕೌಟಿಂಗ್‌ಗೆ ಸೇರಿದ ಮಕ್ಕಳಿರುವ ಮನೆಗಳಲ್ಲಿ, ಮಗುವಿಗೆ ಹದಿನೇಳು ತುಂಬಿತೆಂದರೆ ಒಂದು ಬಗೆಯ ಧಾವಂತ ಶುರುವಾಗುತ್ತದೆ. ಅಲ್ಲಿನ ಅತ್ಯುನ್ನತ ಹಂತವಾದ ಈಗಲ್ ಸ್ಕೌಟ್ ಪದವಿಗೆ ಬೇಕಾದ, ಒಂದೊಂದು ವಿಷಯ ಕಲಿತು ಗಳಿಸುವ 21 ಮೆರಿಟ್ ಬ್ಯಾಡ್ಜ್‌ಗಳು, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಲೈಫ್ ಸ್ಕೌಟ್ ಆದ ಮೇಲೆ ಟ್ರೂಪ್‌ನಲ್ಲಿ, ಅಂದರೆ ತನ್ನ ಸ್ಕೌಟ್ ತಂಡದಲ್ಲಿ, ಆರು ತಿಂಗಳು ಹೊರಬೇಕಾದ ಹೊಣೆಗಾರಿಕೆ, ತಾನೇ ಯೋಜಿಸಿ ಇತರರನ್ನು ಮುನ್ನಡೆಸಿ ಪೂರೈಸಬೇಕಾದ ಸೇವಾ ಕಾರ್ಯ, ಇವೆಲ್ಲವೂ ಹದಿನೆಂಟನೆಯ ಹುಟ್ಟುಹಬ್ಬಕ್ಕೆ ಮೊದಲೇ ಮುಗಿದಿರಬೇಕು. ಇಷ್ಟನ್ನೆಲ್ಲ ಮುಗಿಸಿ ಉಸಿರು ಬಿಡುವ ಹೊತ್ತಿಗೆ ಅರ್ಜಿಯ ಜೊತೆ ಲಗತ್ತಿಸಬೇಕಾದ, ಗುರಿಪತ್ರವೆನ್ನಬಹುದಾದ ಒಂದು ಬರಹ ಬಾಕಿ ಉಳಿದಿರುವುದು ನೆನಪಾಗುತ್ತದೆ. ತನ್ನ ಆಕಾಂಕ್ಷೆಗಳೇನು, ತನ್ನ ಬದುಕಿನ ಉದ್ದೇಶವೇನು ಎಂಬುದನ್ನು ಅಭ್ಯರ್ಥಿ ಅದರಲ್ಲಿ ಹೇಳಬೇಕು. ಜೊತೆಗೆ ಶಾಲೆಯಲ್ಲಿ, ಶಿಬಿರದಲ್ಲಿ, ಧಾರ್ಮಿಕ ಸಂಸ್ಥೆಯಲ್ಲಿ, ಊರಿನ ಇತರ ಸಂಘಗಳಲ್ಲಿ ತಾನು ವಹಿಸಿದ ನಾಯಕತ್ವದ ಸ್ಥಾನಗಳನ್ನೂ ಆ ಅವಧಿಯಲ್ಲಿ ಪಡೆದ ಗೌರವಗಳನ್ನೂ ಪಟ್ಟಿ ಮಾಡಬೇಕು.

ಸೇವಾ ಕಾರ್ಯಕ್ಕಾಗಿ ಬಿಸಿಲಿನಲ್ಲಿ ಮರ ಕೊಯ್ದ ಮಗು ಈ ಬರಹದ ಮುಂದೆ ಮಂಕಾಗಿ ಕೂರುತ್ತದೆ. ಆಗ ಅಪ್ಪನೋ ಅಮ್ಮನೋ ಲ್ಯಾಪ್‌ಟಾಪನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಾರೆ. ಆ ತಿರುಗಿಸಿಕೊಳ್ಳುವಿಕೆಯ ಬಗ್ಗೆಯೇ ನನ್ನ ಇವತ್ತಿನ ತಕರಾರು.

ಹೆತ್ತವರ ಉದ್ದೇಶ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಏಳೆಂಟು ವರ್ಷ ಮಗುವನ್ನು ಸಭೆಗಳಿಗೆ ಕರೆದೊಯ್ದು, ಕ್ಯಾಂಪಿಂಗ್‌ನಿಂದ ಕೆಸರಾಗಿ ಬಂದ ಬಟ್ಟೆಗಳನ್ನು ಒಗೆದು, ಸಮವಸ್ತ್ರಕ್ಕೆ ಬ್ಯಾಡ್ಜ್ ಹೊಲಿದವರಿಗೆ ಕೊನೆಯ ಮೆಟ್ಟಿಲಿನಲ್ಲಿ ಎಡವಬಾರದೆಂಬ ಆತಂಕ ಇರುವುದು ಸಹಜವೇ. ಆದರೆ ಆ ಆತಂಕದಲ್ಲಿ ಅವರು ಈ ಬರಹವನ್ನು ಕಾಲೇಜು ಪ್ರವೇಶದ ಪ್ರಬಂಧವೆಂದು ಭಾವಿಸಿಬಿಡುತ್ತಾರೆ. ಪ್ರವೇಶದ ಪ್ರಬಂಧ ಸ್ಪರ್ಧೆಯ ಸರಕು. ಸಾವಿರಾರು ಜನರ ನಡುವೆ ಎದ್ದು ಕಾಣುವುದೇ ಅದರ ಕೆಲಸ. ಈಗಲ್ ಪದವಿಯಲ್ಲಿ ಇಂತಿಷ್ಟೇ ಸ್ಥಾನಗಳೆಂಬ ಮಿತಿಯಿಲ್ಲ, ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರಿಗೆ ತಪ್ಪುವುದಿಲ್ಲ, ಬರಹಕ್ಕೆ ಅಂಕವೂ ಇಲ್ಲ. ಹಾಗಿದ್ದೂ ನಾನು ಓದಿರುವ ಇಂಥ ಬರಹಗಳಲ್ಲಿ ಎಷ್ಟೋ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ: ಮೊದಲ ಸಾಲಿನಲ್ಲಿ ನಾಯಕತ್ವ, ಎರಡನೆಯದರಲ್ಲಿ ಸಮಾಜಕ್ಕೆ ಮರಳಿ ಕೊಡುವ ಮಾತು, ಮೂರನೆಯದರಲ್ಲಿ ಹೆಸರಾಂತ ವಿಶ್ವವಿದ್ಯಾಲಯ, ಕೊನೆಗೆ ಜಗತ್ತನ್ನೇ ಬದಲಿಸುವ ಪಣ. ಬರೆದ ಹುಡುಗನಾಗಲಿ ಹುಡುಗಿಯಾಗಲಿ ಅಲ್ಲಿ ಎಲ್ಲಿಯೂ ಸಿಗುವುದಿಲ್ಲ.

ಈ ಬರಹವನ್ನು ಕೇಳುವುದೇಕೆ ಎಂಬುದನ್ನು ನೋಡಿದರೆ ತೊಂದರೆ ಎಲ್ಲಿದೆಯೆಂದು ತಿಳಿಯುತ್ತದೆ. ಅದು ಬೋರ್ಡ್ ಆಫ್ ರಿವ್ಯೂ ಎಂಬ ಮುಖಾಮುಖಿ ಮಾತುಕತೆಗೆ ಸಿದ್ಧತೆಯಾಗಿ ಬರೆಯುವಂಥದ್ದು. ಮೂರರಿಂದ ಆರು ಮಂದಿ ವಯಸ್ಕರು ಕುಳಿತು ಅಭ್ಯರ್ಥಿಯ ಜೊತೆ ಮಾತನಾಡುತ್ತಾರೆ. ಈಗಲ್ ಪದವಿಗೆ ಅವರೆಲ್ಲರ ಒಮ್ಮತ ಬೇಕು. ಹೆತ್ತವರಾಗಲಿ ಬಂಧುಗಳಾಗಲಿ ಆ ಮಂಡಳಿಯ ಸದಸ್ಯರಾಗುವಂತಿಲ್ಲ. ಗಂಟು ಕಟ್ಟಿ ತೋರಿಸು ಎಂದು ಅಲ್ಲಿ ಯಾರೂ ಮರುಪರೀಕ್ಷೆ ಮಾಡುವುದಿಲ್ಲ. ಈ ವ್ಯಕ್ತಿ ಯಾರು, ಸ್ಕೌಟಿಂಗ್ ಇವನಲ್ಲಿ ಏನನ್ನು ಬೆಳೆಸಿದೆ, ಮುಂದೆ ಯಾವ ಕಡೆಗೆ ಮುಖ ಮಾಡಿದ್ದಾನೆ ಎಂಬುದನ್ನು ತಿಳಿಯುವುದೇ ಅವರ ಕುತೂಹಲ. 1912ರಲ್ಲಿ ಮೊದಲ ಈಗಲ್ ಸ್ಕೌಟ್ ಆದ ಆರ್ಥರ್ ಎಲ್ಡ್ರೆಡ್‌ನನ್ನೂ ಹಿರಿಯರು ಎದುರಿಗೆ ಕೂರಿಸಿಕೊಂಡೇ ವಿಚಾರಿಸಿದ್ದರು. ಇಂಥ ಮಂಡಳಿಯ ಕೈಯಲ್ಲಿ ಅಮ್ಮ ಬರೆದ ಸೊಗಸಾದ ಪುಟವಿದ್ದು, ಅದರ ಎರಡನೆಯ ಸಾಲನ್ನು ಕುರಿತು ಒಬ್ಬರು ‘ಇದನ್ನು ಸ್ವಲ್ಪ ವಿವರಿಸುತ್ತೀಯಾ’ ಎಂದು ಕೇಳಿದರೆ, ಮಗು ತನ್ನದೇ ಹೆಸರಿನ ಕಾಗದದ ಮುಂದೆ ಅಪರಿಚಿತನಾಗಿ ಕೂರಬೇಕಾಗುತ್ತದೆ. ಅಡ್ಡಾದಿಡ್ಡಿಯಾದರೂ ತಾನೇ ಬರೆದ ಸಾಲಿನ ಬಗ್ಗೆ ಅದೇ ಮಗು ಹತ್ತು ನಿಮಿಷ ನಿರಾಳವಾಗಿ ಮಾತನಾಡಬಲ್ಲದು.

ಹಾಗಾದರೆ ಸುಮ್ಮನೆ ಕೈಕಟ್ಟಿ ಕೂರಬೇಕೇ ಎಂದು ನೀವು ಕೇಳಬಹುದು. ಖಂಡಿತ ಬೇಡ. ಬರೆಯುವ ಮೊದಲಿನ ಮಾತುಕತೆಯಲ್ಲಿ ಹೆತ್ತವರ ಪಾತ್ರ ದೊಡ್ಡದು, ಮತ್ತು ಅದನ್ನು ಮೇಜಿನ ಮುಂದೆ ಕೂತು ಮಾಡಬೇಕೆಂದೇನೂ ಇಲ್ಲ. ಕಾರಿನಲ್ಲಿ ಇಬ್ಬರೇ ಹೋಗುವಾಗ ಹದಿಹರೆಯದವರ ಬಾಯಿ ಹೆಚ್ಚು ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ‘ದೊಡ್ಡವನಾದ ಮೇಲೆ ಏನಾಗುತ್ತೀಯ’ ಎಂದು ಮಾತ್ರ ಕೇಳಬೇಡಿ. ಅದಕ್ಕೆ ಉತ್ತರ ಹುಡುಕಿ ಸುಸ್ತಾಗಿರುವ ವಯಸ್ಸು ಅದು. ನಡೆದು ಹೋದದ್ದನ್ನು ಕೇಳಿ. ಕ್ಯಾಂಪಿಂಗ್ ಬ್ಯಾಡ್ಜ್‌ಗಾಗಿ ಕನಿಷ್ಠ 20 ರಾತ್ರಿ ಡೇರೆಯಲ್ಲೋ ಬಯಲಲ್ಲೋ ಮಲಗಿದ್ದಾಯಿತಲ್ಲ, ಅದರಲ್ಲಿ ಯಾವ ರಾತ್ರಿ ಮನೆಗೆ ಓಡಿ ಬರೋಣ ಎನ್ನಿಸಿತು, ಆಗ ಉಳಿಸಿಕೊಂಡವರು ಯಾರು? ಪ್ಯಾಟ್ರೋಲ್ ಲೀಡರ್ (ಟ್ರೂಪ್‌ನೊಳಗಿನ ಸಣ್ಣ ಗುಂಪಿನ ನಾಯಕ) ಆಗಿದ್ದಾಗ ಮಾತು ಕೇಳದ ಕಿರಿಯನೊಬ್ಬನನ್ನು ಹೇಗೆ ಒಲಿಸಿಕೊಂಡೆ, ಅಥವಾ ಒಲಿಸಿಕೊಳ್ಳಲು ಆಗಲೇ ಇಲ್ಲವೇ? ಪರ್ಸನಲ್ ಮ್ಯಾನೇಜ್‌ಮೆಂಟ್ ಬ್ಯಾಡ್ಜ್‌ಗಾಗಿ 13 ವಾರ ನಿನ್ನ ಆದಾಯ ವೆಚ್ಚಗಳ ಲೆಕ್ಕ ಬರೆದಿಟ್ಟೆಯಲ್ಲ, ದುಡ್ಡು ನಿಜವಾಗಿ ಎಲ್ಲಿಗೆ ಹೋಗುತ್ತಿತ್ತು? ಸೇವಾ ಕಾರ್ಯದಲ್ಲಿ ನೀನು ಅಂದುಕೊಂಡಂತೆ ಆಗದೆ ಹೋದದ್ದೇನು?

ಈ ಪ್ರಶ್ನೆಗಳಿಗೆ ಬರುವ ಉತ್ತರಗಳಲ್ಲಿ ಉದ್ದೇಶ ಅಡಗಿರುತ್ತದೆ. ಕಿರಿಯರಿಗೆ ಒಲೆ ಹಚ್ಚುವುದನ್ನು ಕಲಿಸಿದ ದಿನದ ಬಗ್ಗೆ ಬೇಡವೆಂದರೂ ಮಾತನಾಡುವ ಹುಡುಗಿಗೆ ಕಲಿಸುವುದೆಂದರೆ ಇಷ್ಟವೆಂಬುದು ಅವಳಿಗಿಂತ ಮೊದಲು ನಿಮಗೆ ಕಂಡೀತು. ಆಗ ‘ನೋಡು, ಇದನ್ನು ನೀನು ಮೂರನೆಯ ಸಲ ಹೇಳುತ್ತಿದ್ದೀಯ’ ಎಂದಷ್ಟೇ ಹೇಳಿ, ಅಲ್ಲಿಗೇ ನಿಲ್ಲಿಸಿ. ಅದರಿಂದ ಶಿಕ್ಷಕಿಯಾಗುವ ತೀರ್ಮಾನವೋ ವೈದ್ಯಳಾಗುವ ತೀರ್ಮಾನವೋ ಹುಟ್ಟಬೇಕಿಲ್ಲ. ವೃತ್ತಿಯ ವಿಷಯ ಆಕಾಂಕ್ಷೆಯ ಭಾಗಕ್ಕೆ ಸೇರುತ್ತದೆ, ಅದು ಮುಂದೆ ನಾಲ್ಕು ಸಲ ಬದಲಾದರೂ ಯಾರೂ ಪದವಿಯನ್ನು ಹಿಂದಕ್ಕೆ ಕೇಳುವುದಿಲ್ಲ. ಬದುಕಿನ ಉದ್ದೇಶವೆನ್ನುವುದು ಯಾವ ವೃತ್ತಿಗೆ ಹೋದರೂ ಜೊತೆಗೆ ಬರುವ ಗುಣಕ್ಕೆ ಸಂಬಂಧಿಸಿದ್ದು. ನಮ್ಮ ಮನೆಗಳಲ್ಲಿ ಇವೆರಡನ್ನೂ ಕಲಸಿಬಿಡುವ ಅಭ್ಯಾಸ ಸ್ವಲ್ಪ ಹೆಚ್ಚೇ ಇದೆ ಎಂಬುದು ನನ್ನ ಅನಿಸಿಕೆ. ಇಂಜಿನಿಯರ್ ಎಂದು ಬರೆದರೆ ಉದ್ದೇಶವೂ ಬರೆದಂತಾಯಿತೆಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ.

‘ನನಗೇನೂ ಗೊತ್ತಿಲ್ಲ’ ಎನ್ನುವ ಮಕ್ಕಳಿದ್ದಾರೆ, ಅವರೇ ಹೆಚ್ಚು. ಹಾಗೆಯೇ ಬರೆಯಲಿ. ಎರಡು ದಾರಿಗಳ ನಡುವೆ ತೂಗುತ್ತಿದ್ದೇನೆ, ಒಂದರಲ್ಲಿ ಇಂಥದ್ದು ಹಿಡಿಸುತ್ತದೆ, ಇನ್ನೊಂದರಲ್ಲಿ ಇಂಥದ್ದು ಹೆದರಿಸುತ್ತದೆ ಎಂದು ಪ್ರಾಮಾಣಿಕವಾಗಿ ಬರೆದ ಪುಟ, ಸುಳ್ಳು ಖಚಿತತೆಯ ಮೂರು ಪುಟಗಳಿಗಿಂತ ಮಂಡಳಿಗೆ ಹೆಚ್ಚಿನದನ್ನು ಹೇಳುತ್ತದೆ. ಸ್ಕೌಟ್ ನಿಯಮದ ಹನ್ನೆರಡು ಗುಣಗಳಲ್ಲಿ ಮೊದಲನೆಯದು ನಂಬಿಕೆಗೆ ಅರ್ಹನಾಗಿರುವುದು ಎಂಬುದನ್ನು ಮರೆತು, ಆ ನಿಯಮಕ್ಕೆ ಸಾಕ್ಷಿಯಾಗಬೇಕಾದ ಕಾಗದವನ್ನೇ ಬೇರೆಯವರಿಂದ ಬರೆಸುವುದು ನನಗಂತೂ ಕಸಿವಿಸಿಯ ಸಂಗತಿ. ಬರೆದುಕೊಡುವವರು ಅಪ್ಪನಾದರೂ ಅಷ್ಟೇ, ಕೃತಕ ಬುದ್ಧಿಮತ್ತೆಯ ತಂತ್ರಾಂಶವಾದರೂ ಅಷ್ಟೇ.

ಸ್ಥಾನಗಳ ಪಟ್ಟಿಯ ವಿಷಯದಲ್ಲಿ ಮಾತ್ರ ಧಾರಾಳವಾಗಿ ನೆರವಾಗಿ, ಏಕೆಂದರೆ ಅಲ್ಲಿ ಬೇಕಾಗಿರುವುದು ನೆನಪು. ಟ್ರೂಪ್‌ನಲ್ಲಿ ಸಾಮಾನು ಸರಂಜಾಮು ನೋಡಿಕೊಳ್ಳುವ ಕ್ವಾರ್ಟರ್‌ಮಾಸ್ಟರ್ ಆಗಿದ್ದುದು ಯಾವ ವರ್ಷ, ದೇವಸ್ಥಾನದ ಮಕ್ಕಳ ತರಗತಿಯಲ್ಲಿ ಸಹಾಯಕನಾಗಿದ್ದುದು ಎಷ್ಟು ಕಾಲ, ಶಾಲೆಯ ಬ್ಯಾಂಡಿನಲ್ಲಿ ತಂಡದ ನಾಯಕಿಯಾಗಿದ್ದುದು ಯಾವಾಗ ಎಂಬುದನ್ನೆಲ್ಲ ಮಕ್ಕಳು ಮರೆತಿರುತ್ತಾರೆ. ಸ್ಕೌಟಿಂಗ್‌ನ ಹೊರಗಿನದು ಲೆಕ್ಕಕ್ಕೆ ಬರುವುದಿಲ್ಲವೆಂದು ತಪ್ಪು ತಿಳಿದಿರುವುದೂ ಉಂಟು. ಹಳೆಯ ಫೋಟೋ, ಇಮೇಲ್ ತೆಗೆದು ತಾರೀಖು ಹುಡುಕಿಕೊಡಿ.

ಕರಡು ಸಿದ್ಧವಾದ ಮೇಲೆ ಕಾಗುಣಿತ ನೋಡಿ. ಅರ್ಥವಾಗದ ವಾಕ್ಯದ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ತಿದ್ದುಪಡಿ ಹಾಕಬೇಡಿ. ಒಂದೇ ಪುಟವಾಯಿತೆಂದು ಗಾಬರಿಯಾಗುವುದೂ ಬೇಡ. ಇನ್ನೊಬ್ಬರ ಅಭಿಪ್ರಾಯ ಬೇಕೆನಿಸಿದರೆ ಮಗುವೇ ಟ್ರೂಪ್‌ನ ಹಿರಿಯ ಮಾರ್ಗದರ್ಶಕರಾದ ಸ್ಕೌಟ್‌ಮಾಸ್ಟರ್‌ಗೆ ತೋರಿಸಲಿ.

ಇಷ್ಟಾದರೂ ಮಗುವಿನ ಬಗ್ಗೆ ನೀವೇ ಹೇಳಬೇಕಾದದ್ದು ಬಾಕಿಯಿದೆ ಎನ್ನಿಸಿದರೆ, ಅದಕ್ಕೂ ಈ ಪ್ರಕ್ರಿಯೆಯಲ್ಲಿ ಜಾಗವಿದೆ. ಅಭ್ಯರ್ಥಿಯನ್ನು ಬಲ್ಲವರ ಹೆಸರುಗಳನ್ನು ಅರ್ಜಿಯಲ್ಲಿ ಕೊಡಬೇಕಾದಾಗ ಆ ಸಾಲಿನಲ್ಲಿ ಹೆತ್ತವರ ಹೆಸರೂ ಇರುತ್ತದೆ. ನಿಮ್ಮ ಅಭಿಪ್ರಾಯ ಕೇಳಿದಾಗ, ಮಗನ ಪುಟದೊಳಗೆ ತುರುಕಲು ಹೊರಟಿದ್ದ ಹೊಗಳಿಕೆಯನ್ನೂ ಅವನು ತಾನಾಗಿ ಎಂದೂ ಹೇಳಿಕೊಳ್ಳದ ಒಳ್ಳೆಯ ಕೆಲಸಗಳನ್ನೂ ನಿಮ್ಮ ಸಹಿ ಹಾಕಿ ಅಲ್ಲಿ ಬರೆಯಿರಿ.